ಸಾಹೇಬರ ಭಾನುವಾರದ ಬಿಸ್ಕತ್ತು

ಗೌರಿಬಿದನೂರಿನ ಆ ಸರ್ಕಾರಿ ಕಚೇರಿ ಯಾವ ಇಲಾಖೆಯದು ಎಂಬುದು ಇಲ್ಲಿ ಬೇಡ. ಹನ್ನೊಂದು ಜನ ಸಿಬ್ಬಂದಿ, ಮೂರು ಕಂಪ್ಯೂಟರು, ಅದರಲ್ಲಿ ಕೆಲಸ ಮಾಡುವುದು ಎರಡು, ಹಳೇ ಕಡತಗಳನ್ನು ತುಂಬಿಟ್ಟ ಒಂದು ಕತ್ತಲೆ ಕೋಣೆ, ಆ ಕೋಣೆಯಲ್ಲಿ ಇಲಿಗಳು. ಎಲ್ಲ ಕಚೇರಿಗಳಲ್ಲೂ ಇರುವಂಥದ್ದೇ. ಆದರೆ ವೆಂಕಟರಾಮಪ್ಪ ಸಾಹೇಬರ ಬಿಸ್ಕತ್ತು ಮಾತ್ರ ಬೇರೆ ಯಾವ ಕಚೇರಿಯಲ್ಲೂ ಇರಲಿಲ್ಲ.

ತನುಜ ಅಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಅವಳ ಮನೆ ಇದ್ದದ್ದು ಚಿಂತಾಮಣಿಯಲ್ಲಿ. ಗಂಡ ಅಲ್ಲೇ ಬೀಜ, ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಆರು ವರ್ಷದ ಮಗಳು ಅಜ್ಜಿಯ ಸೆರಗು ಹಿಡಿದು ಬೆಳೆಯುತ್ತಿದ್ದಳು. ತನುಜ ಗೌರಿಬಿದನೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಶನಿವಾರ ಸಂಜೆ ಬಸ್ಸು ಹತ್ತಿ, ಚಿಕ್ಕಬಳ್ಳಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಶಿಡ್ಲಘಟ್ಟ ದಾಟಿ ಮನೆ ಸೇರುವಷ್ಟರಲ್ಲಿ ಮಗಳಿಗೆ ಕಣ್ಣು ಎಳೆಯುತ್ತಿರುತ್ತಿತ್ತು. ಹಾಗಾಗಿ ಅವಳ ಪಾಲಿಗೆ ವಾರದಲ್ಲಿ ಇದ್ದದ್ದು ಒಂದೇ ದಿನ, ಭಾನುವಾರ. ಚಿಂತಾಮಣಿಯ ಕಚೇರಿಯಲ್ಲಿ ಒಂದು ಹುದ್ದೆ ಖಾಲಿಯಾಗಿದೆ ಎಂದು ಗೊತ್ತಾದ ದಿನವೇ ಅವಳು ವರ್ಗಾವಣೆಗೆ ಅರ್ಜಿ ಕೊಟ್ಟಿದ್ದಳು. ಸಾಹೇಬರು ಶಿಫಾರಸು ಬರೆದು ಜಿಲ್ಲಾ ಕಚೇರಿಗೆ ಕಳಿಸಿದರೆ ಮುಗಿಯಿತು. ಅಷ್ಟೇ ಕೆಲಸ.

ಆದರೆ ವೆಂಕಟರಾಮಪ್ಪ ಸಾಹೇಬರು ಅಷ್ಟು ಸುಲಭಕ್ಕೆ ಕೆಲಸ ಮಾಡುವವರಲ್ಲ. ಅವರ ಮೇಜಿಗೆ ಹೋದ ಪ್ರತಿಯೊಂದು ಕಡತವೂ ಹಸಿರು ಇಂಕಿನಲ್ಲಿ 'ಚರ್ಚಿಸಿ' ಎಂಬ ಒಂದೇ ಒಂದು ಪದ ಹೊತ್ತು ವಾಪಸು ಬರುತ್ತಿತ್ತು. ಚರ್ಚಿಸಲು ಹೋದರೆ, "ಇಟ್ಟೋಗಿ, ನೋಡ್ತೀನಿ" ಎನ್ನುತ್ತಿದ್ದರು. ನಾಲ್ಕು ದಿನ ಬಿಟ್ಟು ಅದೇ ಕಡತ ಅದೇ ಪದದ ಕೆಳಗೆ ಮತ್ತೊಂದು 'ಚರ್ಚಿಸಿ' ಹೊತ್ತು ಬರುತ್ತಿತ್ತು. ಇಂಥವರಿಗೆ ರಕ್ತದೊತ್ತಡ ಬಂತು ಎಂದಾಗ ಕಚೇರಿಯವರಿಗೆಲ್ಲ ಆಶ್ಚರ್ಯ. ಒತ್ತಡ ಯಾವ ಕಡೆಯಿಂದ ಬಂದಿರಬಹುದು ಎಂದು ಊಟದ ಹೊತ್ತಿನಲ್ಲಿ ಒಂದು ವಾರ ಮಾತಾಡಿದರು. ಡಾಕ್ಟರು ಮಾತ್ರ, "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ, ಕೈಗೆ ಏನಾದ್ರೂ ಹವ್ಯಾಸ ಕೊಡಿ" ಎಂದರಂತೆ. ಸಾಹೇಬರು ಫೋನಿನಲ್ಲಿ 'ಹದಿನೈದೇ ನಿಮಿಷದಲ್ಲಿ ಮನೆಯಲ್ಲೇ ಬಿಸ್ಕತ್ತು' ಎಂಬ ವಿಡಿಯೊ ನೋಡಿದರು. ಮೂರನೇ ದಿನಕ್ಕೆ ಕ್ವಾರ್ಟರ್ಸಿಗೆ ಓವನ್ ಬಂತು.

ಮೊದಲ ಸೋಮವಾರ ಅವರು ಸ್ಟೀಲು ಡಬ್ಬಿಯ ಮುಚ್ಚಳ ತೆಗೆದು ತಾವೇ ಮೇಜಿಂದ ಮೇಜಿಗೆ ಹೋಗಿ ಹಂಚಿದರು. ರಾಗಿ ಹಿಟ್ಟು, ಗೋಧಿ ಹಿಟ್ಟು, ಬೆಲ್ಲ ಹಾಕಿ ಮಾಡಿದ ಬಿಸ್ಕತ್ತು. ಬಣ್ಣ ಇಟ್ಟಿಗೆಯದು, ಗಟ್ಟಿತನವೂ ಹೆಚ್ಚು ಕಮ್ಮಿ ಅದರದ್ದೇ.

"ಹೆಲ್ದಿ ಕಣ್ರಪ್ಪ. ಮೈದಾ ಇಲ್ಲ, ಸಕ್ಕರೆ ಇಲ್ಲ. ತಿಂದು ಹೇಳ್ರಿ," ಎಂದರು ಸಾಹೇಬರು.

ಮೊದಲು ಹೇಳಿದವನು ಪ್ರಥಮ ದರ್ಜೆ ಸಹಾಯಕ ಚಿರಂಜೀವಿ. ತೊಂಡೇಬಾವಿಯವನು, ಮೂವತ್ತರ ಗಂಡು, ಸಾಹೇಬರು ಕೆಮ್ಮಿದರೆ ನೀರು ತರುವವನು, ಕೆಮ್ಮದಿದ್ದರೂ ತರುವವನು. ಬಿಸ್ಕತ್ತು ಇನ್ನೂ ಅವನ ಹಲ್ಲಿಗೆ ತಾಗಿರಲಿಲ್ಲ. "ಸಾರ್, ಬಾಯಲ್ಲಿಟ್ರೆ ಕರಗ್ತೈತೆ ಸಾರ್! ಬೆಂಗ್ಳೂರಲ್ಲೂ ಸಿಗಲ್ಲ!"

ಹಿರಿಯ ಗುಮಾಸ್ತ ಮುನಿಗಂಗಪ್ಪನವರಿಗೆ ಕಟ್ಟಿಸಿಕೊಂಡ ಹಲ್ಲು. ಅವರು ಬಿಸ್ಕತ್ತನ್ನು ದವಡೆಯ ಒಂದು ಪಕ್ಕಕ್ಕೆ ಇಟ್ಟುಕೊಂಡು, ಸ್ವಲ್ಪ ಯೋಚಿಸಿ, "ಘನವಾಗಿದೆ ಸಾರ್," ಎಂದರು. ಸಂಜೆ ಐದೂವರೆಗೆ ಹಾಜರಿ ಪುಸ್ತಕ ಮುಚ್ಚುವಾಗಲೂ ಅದು ಅವರ ಬಾಯಲ್ಲೇ ಇತ್ತು.

ತನುಜ ಒಂದು ಚೂರು ಕಡಿಯಲು ನೋಡಿ ಆಗದೆ, "ಚೆನ್ನಾಗಿದೆ ಸಾರ್," ಎಂದು ಉಳಿದದ್ದನ್ನು ಡ್ರಾಯರಿಗೆ ಹಾಕಿದಳು. ಅವಳಂತೆ ಎಲ್ಲರೂ ಹಾಕಿದರು. ಎರಡು ತಿಂಗಳಲ್ಲಿ ಆ ಕಚೇರಿಯ ಯಾವ ಮೇಜಿನ ಡ್ರಾಯರು ಎಳೆದರೂ ಗಡಗಡ ಸದ್ದು ಬರತೊಡಗಿತು. ಕೊನೆಗೆ ಯಾರೋ ಎಲ್ಲವನ್ನೂ ಒಟ್ಟು ಮಾಡಿ ಕಡತದ ಕೋಣೆಯಲ್ಲಿ ಸುರಿದು ಬಂದರು. ಇಲಿಗಳು ಅದರ ಸುತ್ತ ಓಡಾಡಿ, ಮತ್ತೆ ಸಾವಿರದ ಒಂಬೈನೂರ ತೊಂಬತ್ತರ ಕಡತಗಳನ್ನೇ ತಿಂದವು.

ತನುಜಳಿಗೆ ಇದನ್ನು ನೋಡಿ ಆಗುತ್ತಿದ್ದ ಸಂಕಟಕ್ಕೆ ಬೇರೆ ಕಾರಣವೂ ಇತ್ತು. ಅವಳ ಅಪ್ಪ ಕೋನಪ್ಪ ಚಿಂತಾಮಣಿಯಲ್ಲಿ ಗೌಸ್ ಪೀರ್ ಸಾಹೇಬರ ಬೇಕರಿಯಲ್ಲಿ ಮೂವತ್ತೊಂದು ವರ್ಷ ಭಟ್ಟಿಯ ಮುಂದೆ ನಿಂತ ಮನುಷ್ಯ. ಅವನು ಮಾಡುತ್ತಿದ್ದ ಬೆಣ್ಣೆ ಬಿಸ್ಕತ್ತಿಗೆ ಮಂಡಿಯ ತರಕಾರಿ ದಲ್ಲಾಳಿಗಳು ಬೆಳಿಗ್ಗೆ ಆರಕ್ಕೇ ಬಂದು ಕಾಯುತ್ತಿದ್ದರು. ತನುಜ ಶಾಲೆ ಮುಗಿಸಿ ಬಂದು, ಮೈದಾ ಚೀಲದ ಮೇಲೆ ಕೂತು, ಅಪ್ಪನ ಕೈ ನೋಡುತ್ತಾ ಮಗ್ಗಿ ಕಲಿತವಳು. ಬಿಸ್ಕತ್ತಿನ ಹಿಟ್ಟಿಗೆ ನೀರು ತೋರಿಸಬಾರದು, ನಾದಬಾರದು ಎಂಬುದು ಅವಳಿಗೆ ಮಗ್ಗಿಗಿಂತ ಮುಂಚೆ ಬಂದಿತ್ತು.

ಆಷಾಢ ಕಳೆಯುವ ಹೊತ್ತಿಗೆ ಸಾಹೇಬರಿಗೆ ಹಂಚಿದ್ದು ಸಾಲದಾಯಿತು. ಮಾಡುವುದನ್ನೂ ಜನ ನೋಡಬೇಕು ಎನ್ನಿಸಿತು. ಒಂದು ಶುಕ್ರವಾರ ಎಲ್ಲರನ್ನೂ ಕೋಣೆಗೆ ಕರೆಸಿದರು.

"ನೋಡ್ರಪ್ಪ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಕ್ವಾರ್ಟರ್ಸಿಗೆ ಬನ್ನಿ. ಎಲ್ರೂ ಸೇರಿ ಬಿಸ್ಕತ್ತು ಮಾಡಣ. ಟೀಮ್ ಸ್ಪಿರಿಟ್ ಬರ್ತದೆ. ಕಡ್ಡಾಯ ಏನಿಲ್ಲ."

'ಕಡ್ಡಾಯ ಏನಿಲ್ಲ' ಎನ್ನುವಾಗ ಅವರ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ಒಂದೊಂದು ಕ್ಷಣ ನಿಂತಿತು. ತನುಜಳ ಮುಖದ ಮೇಲೆ ಎರಡು ಕ್ಷಣ. ಅವಳ ವರ್ಗಾವಣೆಯ ಕಡತ ಅವರ ಮೊಣಕೈ ಕೆಳಗೇ ಇತ್ತು. ಆ ಶನಿವಾರ ಅವಳು ಊರಿಗೆ ಹೋಗಲಿಲ್ಲ.

ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಹನ್ನೊಂದು ಜನಕ್ಕೆ ನಿಲ್ಲಲು ಜಾಗವಿರಲಿಲ್ಲ. ಅರ್ಧ ಜನ ಹಜಾರದಲ್ಲಿ ನಿಂತು ಕತ್ತು ಉದ್ದ ಮಾಡಿದರು. ಸಾಹೇಬರ ಹೆಂಡತಿ ಯಾಮಿನಿ ಮೇಡಂ ಸೋಫಾದ ಮೇಲೆ ಪೇಪರು ಹಿಡಿದು ಕೂತಿದ್ದರು. ಯಾರನ್ನೂ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಸಾಹೇಬರು ಬನಿಯನ್ನಿನ ಮೇಲೆ ಹೂವಿನ ಚಿತ್ತಾರದ ಏಪ್ರನ್ ಕಟ್ಟಿಕೊಂಡು ಪರಾತದಲ್ಲಿ ಹಿಟ್ಟು ಸುರಿದರು. ಬೆಲ್ಲದ ನೀರು ಹುಯ್ದರು. ಆಮೇಲೆ ತೋಳು ಏರಿಸಿ ನಾದತೊಡಗಿದರು. ಅದೇನು ನಾದುವುದು! ದಿಬ್ಬೂರಹಳ್ಳಿಯ ಅವರ ಮನೆಯಲ್ಲಿ ಇಪ್ಪತ್ತು ಆಳಿಗೆ ಮುದ್ದೆ ತೊಳಸುತ್ತಿದ್ದರಂತೆ, ಆ ವರಸೆಯೆಲ್ಲ ಇಲ್ಲಿಗೆ ಬಂತು. ಮುಷ್ಟಿ ಕಟ್ಟಿ ಗುದ್ದಿದರು, ಎತ್ತಿ ಬಡಿದರು, ಮಡಚಿ ಮತ್ತೆ ಗುದ್ದಿದರು.

"ಟೆನ್ಷನ್ ಎಲ್ಲಾ ಹಿಟ್ಟಿಗೆ ಹೋಗ್ಬಿಡ್ತದೆ ಕಣ್ರಿ," ಎಂದರು ಏದುಸಿರು ಬಿಡುತ್ತಾ.

"ಏನ್ ಕೈ ಸಾರ್ ನಿಮ್ದು!" ಎಂದ ಚಿರಂಜೀವಿ.

ತನುಜ ಬಾಯಿ ಮುಚ್ಚಿಕೊಂಡಿರಬೇಕೆಂದೇ ಹೋಗಿದ್ದಳು. ಆದರೆ ಮೂವತ್ತೊಂದು ವರ್ಷದ ಬೇಕರಿ ಅವಳ ಗಂಟಲಲ್ಲಿ ಬಂದು ನಿಂತಿತ್ತು. "ಸಾರ್, ಅಷ್ಟು ನಾದಬೇಡಿ ಸಾರ್, ಕಲ್ಲಾಗೋಗ್ತದೆ," ಎಂದುಬಿಟ್ಟಳು.

ಹಜಾರದಲ್ಲಿ ಪೇಪರು ಕೆಳಗಿಳಿದ ಸದ್ದು ಕೇಳಿಸಿತು. ಮುನಿಗಂಗಪ್ಪನವರು ಸೀಲಿಂಗು ನೋಡತೊಡಗಿದರು.

"ಓಹೋ," ಎಂದರು ಸಾಹೇಬರು. "ಹಂಗಾದ್ರೆ ನೀವೇ ಮಾಡಿ ತೋರ್ಸಮ್ಮ."

ಅವಮಾನ ಮಾಡಲೆಂದೇ ಹೇಳಿದ್ದು. ಆದರೆ ತನುಜಳ ಕೈ ಆಗಲೇ ಶೆಲ್ಫಿನಲ್ಲಿದ್ದ ಮೈದಾ ಡಬ್ಬಿಯ ಮೇಲಿತ್ತು. ಸಕ್ಕರೆ ಪುಡಿ ಮಾಡಿದಳು. ಫ್ರಿಜ್ಜಿನಿಂದ ಬೆಣ್ಣೆ ತೆಗೆದು ಕೈಯಲ್ಲೇ ನಾಲ್ಕು ಸುತ್ತು ತಿರುವಿ ಬೆಳ್ಳಗೆ ಮಾಡಿ, ಸಕ್ಕರೆ ಸೇರಿಸಿ, ಮೈದಾ ಉದುರಿಸಿ, ಒಂದು ಚಿಟಿಕೆ ಸೋಡಾ, ಎರಡು ಏಲಕ್ಕಿ. ನೀರಿಲ್ಲ. ನಾದಲಿಲ್ಲ, ಬೆರಳ ತುದಿಯಲ್ಲಿ ಒತ್ತಿ ಒಟ್ಟು ಮಾಡಿದಳು, ಅಷ್ಟೇ. ನಿಂಬೆ ಗಾತ್ರದ ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಸಣ್ಣ ಉರಿಗೆ ಓವನ್ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಬಂದ ಘಮಕ್ಕೆ ಯಾಮಿನಿ ಮೇಡಂ ಪೇಪರು ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತರು.

ಬಿಸ್ಕತ್ತು ಹೊರಗೆ ಬಂದಾಗ ಯಾರೂ ಕೈ ಚಾಚಲಿಲ್ಲ. ಸಾಹೇಬರು ಒಂದು ತೆಗೆದುಕೊಂಡರು. ಅದು ತುಟಿಗೆ ತಾಗಿದ್ದೇ ಪುಡಿಯಾಯಿತು. ಎರಡನೆಯದು ತೆಗೆದರು. ಮೂರು. ನಾಲ್ಕು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದರೆ ಸಾಹೇಬರ ಇಷ್ಟು ದಿನದ ಬಿಸ್ಕತ್ತು ಚೆನ್ನಾಗಿರಲಿಲ್ಲ ಎಂದಾಗುತ್ತದೆ, ಚೆನ್ನಾಗಿಲ್ಲ ಎನ್ನೋಣವೆಂದರೆ ಸಾಹೇಬರೇ ನಾಲ್ಕು ತಿಂದಿದ್ದಾರೆ. ಚಿರಂಜೀವಿಯಂಥವನೂ ದಾರಿ ಕಾಣದೆ ಬಾಯಿ ತೆರೆದು ಮುಚ್ಚಿದ.

ಸಾಹೇಬರೇ ದಾರಿ ತೋರಿಸಿದರು. ಏಪ್ರನ್ನಿನ ಮೇಲೆ ಬಿದ್ದ ಪುಡಿಯನ್ನು ಕೊಡವಿಕೊಂಡು, "ನೋಡಿದ್ರಾ? ನಾನು ಇಷ್ಟು ದಿನ ಹುಡುಕ್ತಿದ್ದ ಹದ ಇವತ್ತು ಸಿಕ್ತು," ಎಂದರು.

"ಬಾಯಲ್ಲಿಟ್ರೆ ಕರಗ್ತೈತೆ ಸಾರ್!" ಎಂದ ಚಿರಂಜೀವಿ ಒಂದೇ ಉಸಿರಿಗೆ.

"ಘನವಾಗಿದೆ ಸಾರ್," ಎಂದರು ಮುನಿಗಂಗಪ್ಪ.

ಕಲ್ಲಿಗೆ ಹೇಳಿದ ಮಾತನ್ನೇ ಬೆಣ್ಣೆಗೂ ಹೇಳಿದರಲ್ಲ ಎಂದು ತನುಜಳಿಗೆ ಒಳಗೊಳಗೇ ಚುರುಕ್ಕೆಂದಿತು. ಆದರೂ ತಟ್ಟೆ ಖಾಲಿಯಾದದ್ದು ನೋಡಿ ಸಣ್ಣದೊಂದು ಹೆಮ್ಮೆಯೂ ಆಯಿತು. ಆ ಹೆಮ್ಮೆಗೆ ಅವಳು ಕೊಡಬೇಕಾದ ದಂಡ ಆವತ್ತಿನಿಂದಲೇ ಶುರುವಾಯಿತು.

ಮಾರನೇ ದಿನ ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಯಲ್ಲಿ ತಿಂಗಳ ಮೀಟಿಂಗು. ಅವಳಿಂದ ಇನ್ನೂ ಒಂದು ತಟ್ಟೆ ಮಾಡಿಸಿಕೊಂಡು ಅದನ್ನು ಸಾಹೇಬರು ಒಂದು ಚೆಂದದ ಡಬ್ಬಿಯಲ್ಲಿ ತೆಗೆದುಕೊಂಡು ಹೋದರು. ಅಲ್ಲಿಯ ದೊಡ್ಡ ಅಧಿಕಾರಿ ಒಬ್ಬ ಮೇಡಂ. ಯಾವ ತಾಲ್ಲೂಕಿನವರು ಎಷ್ಟು ಪ್ರಗತಿ ತೋರಿಸಿದರೂ ಮುಖ ಸಡಿಲ ಮಾಡದ ಹೆಂಗಸು. ಅವರು ಒಂದು ತಿಂದು, ಇನ್ನೊಂದು ತಿಂದು, "ವೆಂಕಟರಾಮಪ್ಪನೋರೆ, ಇದು ನೀವೇ ಮಾಡಿದ್ದಾ?" ಎಂದರಂತೆ. ಸಾಹೇಬರು ತಲೆ ತಗ್ಗಿಸಿ, "ಏನೋ ಭಾನುವಾರ ಬೆಳಿಗ್ಗೆ ಹಂಗೇ ಸುಮ್ನೆ, ಮೇಡಂ," ಎಂದರಂತೆ. ಆವತ್ತು ಗೌರಿಬಿದನೂರು ತಾಲ್ಲೂಕಿನ ಪ್ರಗತಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಭಾನುವಾರಗಳು ತನುಜಳದ್ದಾಗಿ ಉಳಿಯಲಿಲ್ಲ. ಉಳಿದವರಿಗೆ ವಿನಾಯಿತಿ ಸಿಕ್ಕಿತು. ಅವಳು ಮತ್ತು ಚಿರಂಜೀವಿ ಏಳು ಗಂಟೆಗೆ ಕ್ವಾರ್ಟರ್ಸಿನಲ್ಲಿರಬೇಕು. ಸಾಹೇಬರು ಏಪ್ರನ್ ಕಟ್ಟಿಕೊಂಡು ಮಾರ್ಗದರ್ಶನ ಮಾಡುವರು, ಅಂದರೆ ಓವನ್ನಿನ ಗಾಜಿನಲ್ಲಿ ಇಣುಕಿ, "ಇನ್ನೂ ಬೇಕಾ?" ಎನ್ನುವರು. ಚಿರಂಜೀವಿ ಅವರ ಫೋಟೊ ತೆಗೆಯುವನು. ತನುಜ ಮಾಡುವಳು, ಮಾಡಿ ಮುಗಿದ ಮೇಲೆ ತಟ್ಟೆ, ಪರಾತ ತೊಳೆಯುವಳು.

"ನೀವು ಬರಕ್ಕೆ ಶುರು ಮಾಡಿದ್ಮೇಲೆ ನನಗೆ ಆ ಓವನ್ ಉಜ್ಜೋದು ತಪ್ತು ನೋಡಿ," ಎಂದರು ಯಾಮಿನಿ ಮೇಡಂ ಒಂದು ಸಲ, ತುಂಬಾ ಪ್ರೀತಿಯಿಂದ. ಒಂದು ಲೋಟ ಕಾಫಿಯನ್ನೂ ಕೊಟ್ಟರು.

ವಿಡಿಯೊ ಕರೆಯಲ್ಲಿ ಮಗಳು, "ಅಮ್ಮಾ, ಈ ಸಂಡೇನೂ ನಿಂಗೆ ಆಫೀಸಾ?" ಎಂದು ಕೇಳಿದಳು.

"ಹೂಂ ಬಂಗಾರಿ."

"ಏನ್ ಕೆಲ್ಸ?"

ತನುಜ, "ಮೀಟಿಂಗು," ಎಂದಳು.

ಐದನೇ ವಾರ ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದಳು. "ಸಾರ್, ನನ್ನ ಟ್ರಾನ್ಸ್‌ಫರ್ ಫೈಲು... ಚಿಂತಾಮಣಿ ಪೋಸ್ಟು ಇನ್ನೂ ಖಾಲಿ ಇದೆಯಂತೆ ಸಾರ್."

ಸಾಹೇಬರು ನಿಜವಾಗಿಯೂ ನೊಂದುಕೊಂಡರು. "ಏನಮ್ಮ ತನುಜ ಹಿಂಗಂತೀರ? ಇಷ್ಟು ಒಳ್ಳೇ ಕೆಲಸಗಾರರನ್ನ ಯಾರಾದ್ರೂ ಬಿಟ್ಕೊಡ್ತಾರಾ? ಜಿಲ್ಲಾ ಮೇಡಂ ಗಣೇಶನ ಹಬ್ಬಕ್ಕೆ ಮೂರು ಕೆ.ಜಿ. ಕೇಳಿದಾರೆ. ಮುಂದಿನ ವಾರ ಗೋಡಂಬಿ ಹಾಕಿ ನೋಡಣ." ಕಡತ ತೆರೆದು ಇನ್ನೊಂದು 'ಚರ್ಚಿಸಿ' ಬರೆದರು. ಆ ಪುಟದಲ್ಲಿ ಅದು ಆರನೆಯದು.

ಹೊರಗೆ ಬಂದು ತನುಜ ತನ್ನ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದಳು. ಬಿಸ್ಕತ್ತು ಚೆನ್ನಾಗಿ ಆದಷ್ಟೂ ತಾನು ಇಲ್ಲಿಂದ ಕದಲುವಂತಿಲ್ಲ. ಇಷ್ಟು ಸರಳವಾದದ್ದು ತನಗೆ ಹೊಳೆಯಲು ಐದು ವಾರ ಬೇಕಾಯಿತೆ ಎಂದು ತನ್ನ ಮೇಲೇ ಸಿಟ್ಟು ಬಂತು. ಮುನಿಗಂಗಪ್ಪನವರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, "ಕೆಡಿಸಮ್ಮ," ಎಂದರು.

"ಏನು ಸಾರ್?"

"ಬಿಸ್ಕತ್ತು. ಬೇಕಂತ ಕೆಡಿಸು. ತಾನೇ ಬಿಡ್ತಾನೆ."

ಆ ಭಾನುವಾರ ತನುಜ ಹಿಟ್ಟಿಗೆ ಸಕ್ಕರೆಯ ಅರ್ಧದಷ್ಟು ಉಪ್ಪು ಹಾಕಿದಳು. ಅಪ್ಪ ನೋಡಿದ್ದರೆ ಕೈ ಮೇಲೆ ಬಾರಿಸುತ್ತಿದ್ದ. ಓವನ್ನಿನಿಂದ ಬಂದದ್ದನ್ನು ಸಾಹೇಬರು ಕಡಿದರು, ಹುಬ್ಬು ಮೇಲೇರಿತು.

"ಏನೋ ಬದಲಾವಣೆ ಮಾಡಿದಂಗಿದೆ?" ಎಂದರು.

"ಹೂಂ ಸಾರ್."

ಸಾಹೇಬರು ಚಿರಂಜೀವಿಯ ಕಡೆ ನೋಡಿದರು. ಚಿರಂಜೀವಿ ಅವರ ಕಡೆ ನೋಡಿದ. ಯಾರಿಗೂ ಮೊದಲು ಹೇಳುವ ಮನಸ್ಸಿಲ್ಲ. ಡಬ್ಬಿ ಸೋಮವಾರ ಚಿಕ್ಕಬಳ್ಳಾಪುರಕ್ಕೆ ಹೋಯಿತು. ಮಂಗಳವಾರ ಸುದ್ದಿ ಬಂತು. ಜಿಲ್ಲಾ ಮೇಡಂ ಇಡೀ ಸಭೆಗೆ ಹಂಚಿದರಂತೆ. ತಾಲ್ಲೂಕು ಅಧಿಕಾರಿಗಳೆಲ್ಲ ಮೇಡಂ ಮುಖ ನೋಡಿಕೊಂಡು ತಿಂದು, ಇದು ಫಾರಿನ್ ರುಚಿ ಎಂದು ಹೊಗಳಿದರಂತೆ. ಶುಗರ್ ಇರುವ ಒಬ್ಬರು, ಕೊನೆಗೂ ನಮ್ಮಂಥವರನ್ನು ನೆನೆಸಿಕೊಂಡಿರಲ್ಲ ಎಂದು ಸಾಹೇಬರ ಕೈ ಕುಲುಕಿದರಂತೆ.

ಮುಂದಿನ ವಾರ ತನುಜ ನೀರು ಹುಯ್ದು, ಸಾಹೇಬರಂತೆಯೇ ಗುದ್ದಿ ಗುದ್ದಿ ನಾದಿ, ಅಡಿ ಕಪ್ಪಾಗುವವರೆಗೆ ಬೇಯಿಸಿದಳು. ಆ ವಾರ ಮೀಟಿಂಗು ಇರಲಿಲ್ಲ, ಆದರೂ ಅದೂ ಜಿಲ್ಲಾ ಕಚೇರಿಗೆ ಹೋಯಿತು. ಅದಕ್ಕೂ ಹೊಗಳಿಕೆ ಬಂತು. ಈ ಸಲ 'ಗರಿಗರಿ' ಎಂಬ ಪದ ಹೊಸದಾಗಿ ಸೇರಿತ್ತು.

ಆ ಸಂಜೆ ಅವಳು ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಕೋನಪ್ಪ ಒಂದೊಂದನ್ನೇ ಬಿಡಿಸಿ ಕೇಳತೊಡಗಿದ.

"ಉಪ್ಪು ಎಷ್ಟು ಹಾಕ್ದೆ ಅಂದೆ?"

"ಅರ್ಧ ಲೋಟ ಅಪ್ಪ."

"ಯಾರೂ ಉಗೀಲಿಲ್ವಾ?"

"ಇಲ್ಲ."

"ಅಡಿ ಸೀದಿದ್ದು ಕಾಣಿಸ್ಲಿಲ್ವಾ ಅವ್ರಿಗೆ?"

"ಕಾಣಿಸ್ತು ಅಪ್ಪ."

"ಒಬ್ರೂ ಏನೂ ಅನ್ಲಿಲ್ವಾ?" ಕೋನಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಏನೋ ಭಯವಿತ್ತು. "ಅಯ್ಯೋ ದೇವುಡಾ. ನಾನು ಒಂದಿನ ಒಂದು ತಟ್ಟೆ ಸೀಸಿದ್ದಕ್ಕೆ ಗೌಸ್ ಪೀರ್ ಸಾಹೇಬ್ರು ಮೂರು ದಿನ ಮಾತಾಡ್ಸಿರ್ಲಿಲ್ಲ ಕಣಮ್ಮ."

ಫೋನು ಇಟ್ಟ ಮೇಲೆ ತನುಜಳಿಗೆ ತಾನು ಕಟ್ಟಿದ ಲೆಕ್ಕವೇ ತಪ್ಪು ಎಂದು ಸ್ಪಷ್ಟವಾಯಿತು. ಆ ಡಬ್ಬಿಯೊಳಗೆ ಏನಿದೆ ಎಂಬುದು ಯಾರಿಗೂ ಬೇಕಿಲ್ಲ. ಅದು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಎಂಬುದಷ್ಟೇ ಬೇಕು. ಹಾಗಿದ್ದ ಮೇಲೆ ಮಾಡುವವರು ಯಾರಾದರೇನು? ಅವಳಿಗೆ ಚಿರಂಜೀವಿಯ ನೆನಪಾಯಿತು.

ಚಿರಂಜೀವಿಗೆ ಅವಳ ಮೇಲೆ ಹೊಟ್ಟೆಯುರಿ ಇತ್ತು. ಸಾಹೇಬರು ಅವನನ್ನು ಬಿಟ್ಟು ಬೇರೊಬ್ಬರನ್ನು ಮೆಚ್ಚಿದ್ದು ಇದೇ ಮೊದಲು. ತನುಜ ಮುಂದಿನ ಎರಡು ಭಾನುವಾರ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಒಂದೊಂದನ್ನೂ ಬಿಡಿಸಿ ಹೇಳಿಕೊಟ್ಟಳು. ಅವನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡ. ಉಂಡೆ ಕಟ್ಟಿಸಿ ನೋಡಿದಳು, ಒಂದು ನಿಂಬೆ, ಒಂದು ಕಿತ್ತಳೆ, ಒಂದು ಗೋಲಿ. ಪರವಾಗಿಲ್ಲ ಎಂದುಕೊಂಡಳು.

ಸೋಮವಾರ ಹನ್ನೊಂದರ ಚಹಾದ ಹೊತ್ತಿಗೆ ಅವನ ಮೇಜಿನ ಹತ್ತಿರ ಹೋಗಿ ದನಿ ತಗ್ಗಿಸಿದಳು.

"ಚಿರಂಜೀವಿ, ಒಂದು ವಿಷಯ. ನಿಮ್ಮಲ್ಲೇ ಇರ್ಲಿ, ಯಾರ್ಗೂ ಹೇಳ್ಬೇಡಿ."

ಅವನ ಕಿವಿ ಅಲ್ಲಾಡಿದ್ದು ಅವಳಿಗೆ ಕಂಡಿತು.

"ಮುಂದಿನ ಮೀಟಿಂಗಿಗೆ ರಜ ಹಾಕಿ ನಾನೇ ಚಿಕ್ಕಬಳ್ಳಾಪುರಕ್ಕೆ ಹೋಗ್ತೀನಿ. ಇಷ್ಟು ದಿನ ಬಿಸ್ಕತ್ತು ಮಾಡಿದ್ದು ನಾನು ಅಂತ ಮೇಡಂಗೆ ಹೇಳ್ಬಿಡ್ತೀನಿ. ಸಾಹೇಬ್ರಿಗೆ ಒಲೆ ಹಚ್ಚಕ್ಕೂ ಬರಲ್ಲ ಅಂತಾನೂ ಹೇಳ್ತೀನಿ."

"ಅಯ್ಯಯ್ಯೋ, ಬೇಡಿ ಮೇಡಂ," ಎಂದ ಚಿರಂಜೀವಿ. ಅವನ ಚಹಾ ಅರ್ಧ ಲೋಟ ಉಳಿದಿತ್ತು. ಅದನ್ನು ಅಲ್ಲೇ ಬಿಟ್ಟು ಎದ್ದ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಹನ್ನೊಂದೂ ಇಪ್ಪತ್ತಕ್ಕೆ ಸಾಹೇಬರ ಕೋಣೆಯ ಗಂಟೆ ಹೊಡೆಯಿತು. ತನುಜಳಿಗೆ ಕರೆ.

ಸಾಹೇಬರ ಮುಖ ಅವರದೇ ಮೊದಲ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಚಿರಂಜೀವಿ ಕಿಟಕಿಯ ಹತ್ತಿರ ನಿಂತು ಹೊರಗಿನ ಹೊಂಗೆಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಏನಮ್ಮ, ನನಗೆ ಒಲೆ ಹಚ್ಚಕ್ಕೆ ಬರಲ್ವಾ?"

ಬೇರೆ ದಿನವಾಗಿದ್ದರೆ ತನುಜ ಕ್ಷಮೆ ಕೇಳಿ, ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದಳು. ಈಗ ತನ್ನ ದನಿ ಎಷ್ಟು ಸಮಾಧಾನವಾಗಿದೆ ಎಂದು ಕೇಳಿ ಅವಳಿಗೇ ಬೆರಗಾಯಿತು. "ಓವನ್ನಿಗೆ ಹಚ್ಚೋದೇನಿಲ್ಲ ಸಾರ್. ಸ್ವಿಚ್ಚು ಹಾಕ್ಬೇಕು. ಅದನ್ನೂ ನಾನೇ ಹಾಕ್ತಿದ್ದೆ."

ಹೊಂಗೆಮರ ನೋಡುತ್ತಿದ್ದವನು ತಿರುಗಿದ. ಸಾಹೇಬರು ಎದುರಿಗಿದ್ದ ನೀರನ್ನು ಗಟಗಟ ಕುಡಿದರು. ನಂತರ ಕಡತದ ರಾಶಿಗೆ ಕೈ ಹಾಕಿ ತಳದಿಂದ ಒಂದನ್ನು ಎಳೆದರು. ಇಂಥವಳನ್ನು ಬೇರೆ ಯಾವುದಾದರೂ ದೂರದ ಜಿಲ್ಲೆಗೆ ಎತ್ತಿ ಹಾಕಬೇಕೆಂದು ಅವರ ಮನಸ್ಸು ಬಯಸಿರಬಹುದು. ಆದರೆ ಅದಕ್ಕೆ ಹೊಸ ಕಡತ ತೆರೆಯಬೇಕು, ಹೊಸ ಟಿಪ್ಪಣಿ ಬರೆಯಬೇಕು. ಅಷ್ಟು ಶ್ರಮ ಅವರ ಜಾಯಮಾನಕ್ಕೆ ಒಗ್ಗಿದ್ದಲ್ಲ. ತನುಜ ಚಿಂತಾಮಣಿಗೆ ಕೇಳಿದ್ದ ಕಡತ ಸಿದ್ಧವಾಗಿಯೇ ಇತ್ತು. ಅವರು ಹಸಿರು ಪೆನ್ನು ತೆಗೆದು, ಎಂಟು 'ಚರ್ಚಿಸಿ'ಗಳ ಕೆಳಗೆ, ಆ ಕಚೇರಿಗೆ ಬಂದ ಮೇಲೆ ಮೊದಲ ಬಾರಿಗೆ ಅರ್ಧ ಪುಟ ಬರೆದರು.

"ಸದರಿ ನೌಕರರು ತಮ್ಮ ವ್ಯಾಪ್ತಿ ಮೀರಿ ವರ್ತಿಸುತ್ತಿದ್ದು, ಕಚೇರಿಯ ಸೌಹಾರ್ದಕ್ಕೆ ಧಕ್ಕೆ ಉಂಟಾಗಿರುವುದರಿಂದ, ಆಡಳಿತದ ಹಿತದೃಷ್ಟಿಯಿಂದ ಇವರನ್ನು ಕೂಡಲೇ ಚಿಂತಾಮಣಿ ಕಚೇರಿಗೆ ವರ್ಗಾಯಿಸುವುದು ಸೂಕ್ತ."

ಮುನಿಗಂಗಪ್ಪನವರು ಆ ಕಡತವನ್ನು ತಾವೇ ಖುದ್ದಾಗಿ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಹೊತ್ತು ಹೋದರು. ದಾರಿಯಲ್ಲಿ ಸಾಹೇಬರ ಮನಸ್ಸು ಬದಲಾಗಿ ಫೋನು ಬಂದೀತೆಂದು ಮೊಬೈಲು ಆಫ್ ಮಾಡಿ ಚೀಲದ ತಳಕ್ಕೆ ಹಾಕಿಕೊಂಡಿದ್ದರಂತೆ. ಎಂಟು ತಿಂಗಳಲ್ಲಿ ಆಗದ ಕೆಲಸ ಒಂಬತ್ತು ದಿನದಲ್ಲಿ ಆಯಿತು. ಆದೇಶದ ಪ್ರತಿ ಕೈಗೆ ಬಂದಾಗ ತನುಜ ಅದರಲ್ಲಿದ್ದ 'ಸೌಹಾರ್ದಕ್ಕೆ ಧಕ್ಕೆ' ಎಂಬ ಮಾತನ್ನು ಎರಡು ಸಲ ಓದಿದಳು. ಇಷ್ಟು ವರ್ಷದ ಅವಳ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಈಗ ಬಂದದ್ದು ನಿಜ ಹೇಳಿದ್ದಕ್ಕೆ. ಅರೆಗಳಿಗೆ ಬೇಜಾರಾಯಿತು. ಆಮೇಲೆ ಪೆಟ್ಟಿಗೆ ಕಟ್ಟಿದಳು.

ಮುನಿಗಂಗಪ್ಪನವರು ಆಗಾಗ ಫೋನು ಮಾಡಿ ಅಲ್ಲಿಯ ಸಮಾಚಾರ ಹೇಳುತ್ತಿದ್ದರು. ಈಗ ಬಿಸ್ಕತ್ತಿನ ಉಸ್ತುವಾರಿ ಪೂರ್ತಿ ಚಿರಂಜೀವಿಯದು. ಮೊದಮೊದಲು ಅವನು ಎದೆ ಉಬ್ಬಿಸಿಕೊಂಡು ಓಡಾಡಿದ. ಆಮೇಲೆ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಮನೆಯವರು ಒಂದಾದ ಮೇಲೊಂದು ಭಾನುವಾರ ಗೊತ್ತು ಮಾಡಿದರು. ಒಂದಕ್ಕೂ ಇವನಿಗೆ ಹೋಗಲಾಗಲಿಲ್ಲ. ಮೂರನೇ ಹೆಣ್ಣಿನ ಕಡೆಯವರು, ಹುಡುಗನಿಗೆ ಭಾನುವಾರ ಬೆಳಿಗ್ಗೆ ಅದೆಂಥ ಕೆಲಸ ಎಂದು ವಿಚಾರಿಸಿ, ಸಾಹೇಬರ ಮನೆಯಲ್ಲಿ ಹಿಟ್ಟು ಕಲಸುತ್ತಾನೆ ಎಂಬ ಉತ್ತರ ಕೇಳಿ ಹಿಂದೆ ಸರಿದರಂತೆ. ತೊಂಡೇಬಾವಿಯಿಂದ ಅವನ ತಾಯಿ ಬಂದು ಕಚೇರಿಯ ಮುಂದೆ ನಿಂತು ಸಾಹೇಬರಿಗೆ ನಾಲ್ಕು ಮಾತು ಹೇಳಿಯೇ ಹೋಗುವೆನೆಂದು ಹಟ ಹಿಡಿದಾಗ, ಚಿರಂಜೀವಿಯೇ ಆಕೆಯ ಬಾಯಿ ಮುಚ್ಚಿಸಿ ಆಟೊ ಹತ್ತಿಸಿದ. ಅವನೂ ಈಗ ವರ್ಗಾವಣೆಗೆ ಅರ್ಜಿ ಕೊಟ್ಟಿದ್ದಾನೆ ಎಂದು ಮುನಿಗಂಗಪ್ಪ ನಕ್ಕರು. ತನುಜಳೂ ನಕ್ಕಳು. ಪಾಪ ಎನ್ನಿಸಲಿಲ್ಲ.

ಚಿಂತಾಮಣಿಗೆ ಬಂದ ಮೇಲೆ ಮೊದಲ ಮೂರು ಭಾನುವಾರ ಅವಳು ಒಂಬತ್ತರವರೆಗೆ ಮಲಗಿದಳು. ಹಿಟ್ಟು ಎಂಬ ಮಾತೆತ್ತಿದರೆ ಸಿಡುಕುತ್ತಿದ್ದಳು. ನಾಲ್ಕನೇ ಭಾನುವಾರ ಏನನ್ನಿಸಿತೋ, ಮಗಳನ್ನು ಕರೆದುಕೊಂಡು ಅಪ್ಪನ ಮನೆಗೆ ಹೋದಳು. ಅಲ್ಲಿ ಓವನ್ ಇರಲಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಮೇಲೊಂದು ತಟ್ಟೆಯಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದಳು. ಮಗಳು ಉಂಡೆ ಕಟ್ಟಿದಳು, ಮೂಗಿಗೆಲ್ಲ ಮೈದಾ ಬಳಿದುಕೊಂಡಳು. ಕೋನಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಒಳಗೆ ಬರಲಿಲ್ಲ, ಮೂಗು ಮಾತ್ರ ಒಳಗೇ ಇತ್ತು.

ಬಿಸ್ಕತ್ತನ್ನು ತಟ್ಟೆಗೆ ಹಾಕಿ ತಂದು ಅಪ್ಪನ ಮುಂದಿಟ್ಟು ತನುಜ ಎದುರಿಗೇ ಕೂತಳು. ಕೋನಪ್ಪ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿ ಅಡಿ ನೋಡಿದ. ಮುರಿದು ಒಳಗೆ ನೋಡಿದ. ಕೊನೆಗೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ಅಡಿ ಒಂದು ನಿಮಿಷ ಜಾಸ್ತಿ ಬೆಂದೈತೆ."

"ಹೂಂ."

"ಬೆಣ್ಣೆ ಬಿಸಿಲಲ್ಲಿ ಇಟ್ಟಿದ್ದಾ? ಸ್ವಲ್ಪ ಕರಗೋಗಿತ್ತು. ಸಕ್ಕರೆ ಇನ್ನೂ ನುಣ್ಣಗೆ ಬೇಕಾಗಿತ್ತು, ಹಲ್ಲಿಗೆ ಸಿಗ್ತೈತೆ. ಏಲಕ್ಕಿ ಹಳೇದು. ಮರಳು ಮೊದ್ಲೇ ಕಾಯಿಸ್ಲಿಲ್ಲ ಅಲ್ವಾ? ಗೊತ್ತಾಗ್ತೈತೆ. ಇದು ನೋಡು, ಇದು ಕೂಸು ಕಟ್ಟಿದ್ದು, ಇದರ ಉಂಡೆ ಸಡಿಲ ಐತೆ, ಇದೇ ವಾಸಿ. ನೀನು ಒತ್ತಿದ್ದು ಜಾಸ್ತಿ ಆಯ್ತು. ಸರ್ಕಾರಿ ಕೆಲಸ ಸೇರಿ ನಿನ್ನ ಕೈ ಕೆಟ್ಟೋಗೈತೆ ಕಣಮ್ಮ."

ತನುಜಳ ಮುಖ ಕೆಂಪಾಯಿತು. ತಿಂಗಳುಗಟ್ಟಲೆ ಒಂದು ನಿಜವಾದ ಮಾತಿಗೆ ಹಂಬಲಿಸಿದವಳಿಗೆ ಅದು ಒಟ್ಟಿಗೇ ಬಂದು ಬಿದ್ದದ್ದೇ ಮೈಯೆಲ್ಲ ಉರಿದುಹೋಯಿತು.

"ಬೆಳಿಗ್ಗೆ ಎದ್ದು ಮಾಡಿದೀನಿ, ಚೆನ್ನಾಗಿದೆ ಅಂತ ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?" ಎಂದು ಕೂಗಿ ತಟ್ಟೆ ಎತ್ತಿಕೊಳ್ಳಲು ಹೋದಳು.

ಕೋನಪ್ಪ ತಟ್ಟೆಯನ್ನು ಇನ್ನೊಂದು ಪಕ್ಕಕ್ಕೆ ಸರಿಸಿದ. ಎರಡನೆಯದನ್ನು ತೆಗೆದುಕೊಂಡು, ಅದರ ಅಡಿಯನ್ನೂ ಒಮ್ಮೆ ನೋಡಿ, ಬಾಯಿಗೆ ಹಾಕಿಕೊಂಡ.